ಅಣುಬಾಂಬಿನ ಕೆಲಸ ಬಿಟ್ಟು ಬಂದ ಜೋಸೆಫ್ ರಾಟ್‌ಬ್ಲಾಟ್

ಕೇಳುಗರೆಲ್ಲರಿಗೂ ನಮಸ್ಕಾರ.

ಅಣುಬಾಂಬಿನ ಕಥೆ ಬಂದಾಗೆಲ್ಲ ಓಪನ್‌ಹೈಮರ್ ಹೆಸರು ಕೇಳುತ್ತೇವೆ. ಇವತ್ತು ನಾನು ಹೇಳಬೇಕೆಂದಿರುವುದು ಜೋಸೆಫ್ ರಾಟ್‌ಬ್ಲಾಟ್ ಅವರ ವಿಷಯ.

ಅವರು ಪೋಲೆಂಡಿನ ಭೌತವಿಜ್ಞಾನಿ. 1939ರಲ್ಲಿ ಸಂಶೋಧನೆಗೆಂದು ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಬಂದರು. ಹೆಂಡತಿ ಟೋಲಾಗೆ ಹುಷಾರಿರಲಿಲ್ಲ, ಜೊತೆಗೆ ಬರಲಾಗಲಿಲ್ಲ. ಸ್ವಲ್ಪ ದಿನಕ್ಕೇ ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿತು. ಇಬ್ಬರೂ ಮತ್ತೆ ಒಬ್ಬರನ್ನೊಬ್ಬರು ನೋಡಲೇ ಇಲ್ಲ.

ಯುರೇನಿಯಂ ಪರಮಾಣು ಒಡೆಯುತ್ತದೆ ಅಂತ ಗೊತ್ತಾದದ್ದು 1938ರ ಕೊನೆಗೆ, ಅದೂ ಬರ್ಲಿನ್‌ನಲ್ಲಿ. ಒಂದು ಒಡೆದಾಗ ಹೊರಬೀಳುವ ನ್ಯೂಟ್ರಾನ್ ಎಂಬ ಕಣಗಳು ಪಕ್ಕದವನ್ನೂ ಒಡೆಯುತ್ತವೆ. ಈ ಸರಪಳಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಬೆಳೆದರೆ ಅದೇ ಬಾಂಬ್. ಜರ್ಮನಿಯೇ ಮೊದಲು ಮಾಡಿಬಿಟ್ಟರೆ ಗತಿಯೇನು? ಆ ಹೆದರಿಕೆಯಿಂದಲೇ ಐನ್‌ಸ್ಟೈನ್ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಪತ್ರ ಬರೆದರು. ಮುಂದೆ ಅಣುಬಾಂಬ್ ಮಾಡುವ ಅಮೆರಿಕದ ಗುಟ್ಟಿನ ಕೆಲಸ, ಮ್ಯಾನ್‌ಹಟನ್ ಯೋಜನೆ ಶುರುವಾಯಿತು.

ಎಂಥ ಕೆಲಸ ಅದು! ಬಾಂಬಿಗೆ ಬೇಕಾದ ಯುರೇನಿಯಂ-235 ಎಂಬ ಬಗೆ, ಗಣಿಯಿಂದ ಬರುವ ಯುರೇನಿಯಂನಲ್ಲಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಅದನ್ನು ಬೇರ್ಪಡಿಸಲು ಅಮೆರಿಕದ ಓಕ್ ರಿಡ್ಜ್‌ನಲ್ಲಿ ದೈತ್ಯ ಅಯಸ್ಕಾಂತಗಳನ್ನು ಕಟ್ಟಿದರು. ಯುದ್ಧದ ಕಾಲ, ಅಯಸ್ಕಾಂತದ ಸುರುಳಿಗೆ ಬೇಕಾದ ತಾಮ್ರಕ್ಕೆ ಬರ. ಸರ್ಕಾರಿ ಖಜಾನೆಯಿಂದ 13,000 ಟನ್‌ಗಿಂತ ಜಾಸ್ತಿ ಬೆಳ್ಳಿಯನ್ನು ಎರವಲು ತಂದು ಸುರುಳಿ ಸುತ್ತಿದರು. ಆಗಷ್ಟೇ ಹೈಸ್ಕೂಲ್ ಮುಗಿಸಿದ ಹುಡುಗಿಯರು ಸಾಲಾಗಿ ಕೂತು, ಮೀಟರಿನ ಮುಳ್ಳು ನೋಡುತ್ತಾ ಗುಂಡಿ ತಿರುಗಿಸುತ್ತಿದ್ದರು. ತಯಾರಾಗುತ್ತಿರುವುದು ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ರಾಟ್‌ಬ್ಲಾಟ್ 1944ರಲ್ಲಿ ಈ ಯೋಜನೆಯ ಬಾಂಬ್ ಪ್ರಯೋಗಾಲಯ ಲಾಸ್ ಅಲಾಮೋಸ್ ಸೇರಿದರು. ಒಂದು ರಾತ್ರಿ ಊಟದ ಹೊತ್ತಿಗೆ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್, ಈ ಬಾಂಬಿನ ನಿಜವಾದ ಗುರಿ ರಷ್ಯಾವನ್ನು ಹದ್ದುಬಸ್ತಿನಲ್ಲಿಡುವುದು ಎಂಬರ್ಥದ ಮಾತಾಡಿದರು ಅಂತ ರಾಟ್‌ಬ್ಲಾಟ್ ಮುಂದೆ ಬರೆದರು. ಆ ಹೊತ್ತಿನಲ್ಲಿ ರಷ್ಯನ್ನರು ಹಿಟ್ಲರನ ವಿರುದ್ಧ ಹೋರಾಡಿ ಸಾಯುತ್ತಿದ್ದರು, ಅಲ್ವಾ? ವರ್ಷದ ಕೊನೆಗೆ ಇನ್ನೊಂದು ಸುದ್ದಿ ಬಂತು. ಜರ್ಮನಿ ಬಾಂಬಿನ ಯತ್ನ ಕೈಬಿಟ್ಟಿದೆ. ಹಾಗಿದ್ದ ಮೇಲೆ ನಾನಿಲ್ಲಿ ಯಾಕಿರಬೇಕು ಅಂತ ರಾಟ್‌ಬ್ಲಾಟ್ ಹೊರಟೇಬಿಟ್ಟರು. ಕಾರಣವನ್ನು ಜೊತೆಗಾರರಿಗೆ ಹೇಳಕೂಡದು ಎಂಬ ಕಟ್ಟಪ್ಪಣೆ ಬೇರೆ.

ನನ್ನನ್ನು ಕಾಡುವುದು ಅಲ್ಲೇ ಉಳಿದವರ ವಿಷಯ. ಅವರು ಕೆಟ್ಟವರಲ್ಲ. ಹೆದರಿಕೆ ಹೋಗಿತ್ತು, ಕೆಲಸ ಮಾತ್ರ ನಿಲ್ಲಲಿಲ್ಲ. 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಆಗಲೂ ನಿಲ್ಲಲಿಲ್ಲ. ಜುಲೈ 16ಕ್ಕೆ ಮರುಭೂಮಿಯಲ್ಲಿ ಪರೀಕ್ಷೆ, ಆಗಸ್ಟ್ 6ಕ್ಕೆ ಹಿರೋಶಿಮಾ, 9ಕ್ಕೆ ನಾಗಾಸಾಕಿ. ಹಿರೋಶಿಮಾ ಒಂದರಲ್ಲೇ ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 1,40,000 ಜನ ಸತ್ತರು ಎಂಬ ಅಂದಾಜಿದೆ.

ರಾಟ್‌ಬ್ಲಾಟ್ ಆಮೇಲೆ ವಿಕಿರಣವನ್ನು ವೈದ್ಯಕೀಯಕ್ಕೆ ಬಳಸುವ ಕೆಲಸ ಹಿಡಿದರು. ಜೊತೆಗೆ 1957ರಿಂದ ಅಮೆರಿಕ, ರಷ್ಯಾ ಎರಡೂ ಬಣಗಳ ವಿಜ್ಞಾನಿಗಳನ್ನು, ಅಣ್ವಸ್ತ್ರದ ಅಪಾಯ ಚರ್ಚಿಸುವ ಪಗ್‌ವಾಶ್ ಸಭೆಗಳಲ್ಲಿ ಒಂದೆಡೆ ಕೂರಿಸಿದರು. 1995ರಲ್ಲಿ ಅವರಿಗೂ ಪಗ್‌ವಾಶ್ ಸಂಸ್ಥೆಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ವೇದಿಕೆಯಿಂದಲೂ ಅವರು ವಿಜ್ಞಾನಿಗಳನ್ನು ಕೇಳಿಕೊಂಡರು: ಬಾಂಬ್ ಮಾಡುವ ಕೆಲಸ ಬಿಟ್ಟುಬಿಡಿ.

ನಮಸ್ಕಾರ.