ಪುಟ್ಟಿ ಓಡುವ ಮನೆಗೆ ಒಂದು ಲೆನ್ಸ್, ಒಂದು ಫ್ಲ್ಯಾಶ್

ಈ ಫೋಟೋ ನೋಡಿ. ನನ್ನ ಮಗನ ಎರಡನೇ ಹುಟ್ಟುಹಬ್ಬ. ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ಹಾಲ್, ರಾತ್ರಿ ಎಂಟು ಗಂಟೆ. ಕೇಕ್ ಸ್ಪಷ್ಟವಾಗಿದೆ, ಹಿಂದಿನ ಬಲೂನು ಸ್ಪಷ್ಟವಾಗಿದೆ. ಮಗನ ಮುಖ ಮಾತ್ರ ನೀರಲ್ಲಿ ಕದಡಿದ ಹಾಗಿದೆ. ಅವನು ಚಪ್ಪಾಳೆ ತಟ್ಟಿಕೊಂಡು ಕುಣಿಯುತ್ತಿದ್ದ. ನಾನು ಕ್ಯಾಮರಾ ಜೊತೆ ಬಂದ 18-55 ಎಂಎಂ ಲೆನ್ಸನ್ನು ಪೂರ್ತಿ ಝೂಮ್ ಮಾಡಿದ್ದೆ. ಅಷ್ಟು ಝೂಮ್ ಮಾಡಿದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಟ್ಯೂಬ್‌ಲೈಟ್ ಬೆಳಕು ಸಾಲದೆ ಶಟರ್ 1/20 ಸೆಕೆಂಡ್ ತೆರೆದೇ ಇತ್ತು. ಅಷ್ಟು ಹೊತ್ತು ಎರಡು ವರ್ಷದ ಮಗು ಅಲ್ಲಾಡದೆ ಇರುತ್ತದಾ?

ಇದು ಅದೇ ರಾತ್ರಿಯ ಇನ್ನೊಂದು ಫೋಟೋ. ಕ್ಯಾಮರಾದ ತಲೆ ಮೇಲಿರುವ ಪುಟ್ಟ ಫ್ಲ್ಯಾಶ್ ಎಬ್ಬಿಸಿ ತೆಗೆದದ್ದು. ಈ ಸಲ ಮುಖ ಕದಡಿಲ್ಲ, ನಿಜ. ಆದರೆ ಹಣೆಗೆ ಸುಣ್ಣ ಬಳಿದ ಹಾಗಿದೆ. ಹಿಂದಿನ ಗೋಡೆ ಮೇಲೆ ಕರಿ ನೆರಳು. ಕಣ್ಣು ಕೆಂಪು. ಮಬ್ಬು ಬೆಳಕಲ್ಲಿ ಮಕ್ಕಳ ಕಣ್ಣಿನ ಪಾಪೆ ದೊಡ್ಡದಾಗಿ ತೆರೆದಿರುತ್ತದೆ. ಲೆನ್ಸಿನ ಪಕ್ಕದಿಂದಲೇ ಹೊರಟ ಬೆಳಕು ನೇರ ಒಳಗೆ ಹೋಗಿ, ಕಣ್ಣಿನ ಹಿಂಭಾಗದ ರಕ್ತದ ಕೆಂಪನ್ನು ಹೊತ್ತು ವಾಪಸ್ ಬರುತ್ತದೆ. ಇದು ಸಹಜ, ಹೆದರಬೇಡಿ. ಆದರೆ ಅಪ್ಪ ಅಮ್ಮಂದಿರಿಗೆ ಒಂದು ಮಾತು ಹೇಳಲೇಬೇಕು. ಫ್ಲ್ಯಾಶ್ ಫೋಟೋಗಳಲ್ಲಿ ಮಗುವಿನ ಒಂದು ಕಣ್ಣು ಕೆಂಪಾಗುವ ಬದಲು ಬೆಳ್ಳಗೆ ಹೊಳೆಯುವುದು ಮತ್ತೆ ಮತ್ತೆ ಕಂಡರೆ, ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಅದು ಬೆಳಕು ಬಿದ್ದ ಕೋನದಿಂದ ಆಗಿರುತ್ತದೆ. ಕೆಲವೊಮ್ಮೆ ಕಣ್ಣಿನ ಪೊರೆಯೋ, ರೆಟಿನಾದ ಗಡ್ಡೆಯೋ ಮೊದಲು ಗೊತ್ತಾಗುವುದು ಹೀಗೆ ಫೋಟೋದಲ್ಲೇ.

ಈಗ ನಾವಿರುವುದು ತೀರ್ಥಹಳ್ಳಿ ಹತ್ತಿರದ ನನ್ನ ತವರುಮನೆಯಲ್ಲಿ. ಹೊರಗೆ ಆಷಾಢದ ಮಳೆ. ನಾಲ್ಕು ದಿನದಿಂದ ಬಿಟ್ಟಿಲ್ಲ. ತಂಗಿ ತನ್ನ ಮಗಳ ಜೊತೆ ಬಂದಿದ್ದಾಳೆ. ಪುಟ್ಟಿಗೆ ಒಂದೂವರೆ ವರ್ಷ, ಈಗಷ್ಟೇ ಓಡುವುದು ಕಲಿತಿದ್ದಾಳೆ. ಮಧ್ಯಾಹ್ನ ಮೂರು ಗಂಟೆಗೇ ನಡುಮನೆ ಕತ್ತಲು. ಮಗುವಿನ ಫೋಟೋ ತೆಗೆಯಲು ಇದಕ್ಕಿಂತ ಕಷ್ಟದ ಜಾಗ ನನಗೆ ಗೊತ್ತಿಲ್ಲ. ಹಾಗಾಗಿಯೇ ಲೆನ್ಸ್, ಫ್ಲ್ಯಾಶ್ ಬಗ್ಗೆ ಇಲ್ಲೇ ಕೂತು ಹೇಳೋಣ ಅನ್ನಿಸಿತು.

ಮೊದಲು ಲೆನ್ಸ್. ಎಂಎಂ ಸಂಖ್ಯೆ ಹೆಚ್ಚಾದಷ್ಟೂ ಲೆನ್ಸ್ ದೂರದ್ದನ್ನು ಹತ್ತಿರ ತೋರಿಸುತ್ತದೆ. ಹೊಸದಾಗಿ ಕ್ಯಾಮರಾ ತಗೊಂಡ ಅಪ್ಪ ಅಮ್ಮಂದಿರಿಗೆಲ್ಲ 85 ಎಂಎಂ ಲೆನ್ಸ್ ಮೇಲೆ ಆಸೆ. ಹಿನ್ನೆಲೆ ಬೆಣ್ಣೆ ಹಾಗೆ ಕರಗುತ್ತದೆ, ಆಸೆಯಾಗುವುದು ಸರಿಯೇ. ಆದರೆ ಮನೆಯ ಅಳತೆ ನೋಡಿಕೊಳ್ಳಿ. ನನ್ನ ಕ್ಯಾಮರಾ ನಿಕಾನ್ ಡಿ5600, ಅಂದರೆ ಕ್ರಾಪ್ ಸೆನ್ಸರ್. ಫೋಟೋ ಹಿಡಿಯುವ ಒಳಗಿನ ಸೆನ್ಸರ್ ಚಿಕ್ಕದು, ಹಾಗಾಗಿ ಅದೇ ಲೆನ್ಸಿನಲ್ಲಿ ಕಾಣುವ ಜಾಗವೂ ಕಡಿಮೆ. ಮೂರಡಿ ಎತ್ತರದ ಮಗುವನ್ನು ತಲೆಯಿಂದ ಕಾಲಿನವರೆಗೆ, ಅಡ್ಡ ಫೋಟೋದಲ್ಲಿ, ಸ್ವಲ್ಪ ಜಾಗ ಬಿಟ್ಟು ತೆಗೆಯಬೇಕು ಅಂದುಕೊಳ್ಳಿ. 85 ಎಂಎಂ ಹಾಕಿದರೆ ಸುಮಾರು 21 ಅಡಿ ಹಿಂದೆ ಹೋಗಬೇಕು. 50 ಎಂಎಂಗೆ 12, 13 ಅಡಿ. ನಮ್ಮ ಫ್ಲ್ಯಾಟಿನ ರೂಮು ಇರುವುದೇ 10 ಬೈ 12. ಗೋಡೆಗೆ ಬೆನ್ನು ತಾಗಿಸಿದರೂ ಸಾಲದು. 35 ಎಂಎಂ ಆದರೆ 9 ಅಡಿಯೊಳಗೆ ಕೆಲಸ ಮುಗಿಯುತ್ತದೆ.

ಆದ್ದರಿಂದ ನಾನು ತಗೊಂಡದ್ದು 35 ಎಂಎಂ ಎಫ್ 1.8. ಈ ಮನೆಯಲ್ಲೂ ಬೆಂಗಳೂರಲ್ಲೂ ನನ್ನ ಕ್ಯಾಮರಾ ಮೇಲೆ ಇರುವುದು ಅದೇ. ಎಫ್ 5.6ರ ಜಾಗದಲ್ಲಿ ಎಫ್ 1.8 ಅಂದರೆ ಹೆಚ್ಚು ಕಡಿಮೆ ಹತ್ತು ಪಟ್ಟು ಬೆಳಕು. ಆ ಹುಟ್ಟುಹಬ್ಬದ ರಾತ್ರಿ 1/20 ಇದ್ದ ಶಟರ್, ಈ ಲೆನ್ಸ್ ಇದ್ದಿದ್ದರೆ 1/200 ಆಗುತ್ತಿತ್ತು. ಲೆನ್ಸಿನಲ್ಲಿ ಇರುವ ಸ್ಟೆಬಿಲೈಸೇಶನ್ ಇದಕ್ಕೆ ಉತ್ತರ ಅಲ್ಲ. ಅದು ನಮ್ಮ ಕೈ ನಡುಗುವುದನ್ನು ತಡೆಯುತ್ತದೆ. ಮಗು ಓಡುವುದನ್ನು ತಡೆಯುವುದಿಲ್ಲ.

ಸೋನಿಯ ಕ್ರಾಪ್ ಕ್ಯಾಮರಾ ಇದ್ದವರಿಗೂ 35 ಎಂಎಂ ಎಫ್ 1.8 ಇದೆ. ಕ್ಯಾನನ್‌ನಲ್ಲಿ 24 ಎಂಎಂ ಎಫ್ 2.8 ತೆಳ್ಳಗಿನ ಪುಟ್ಟ ಲೆನ್ಸ್, ರೂಮಿಗೆ ಚೆನ್ನಾಗಿ ಹೊಂದುತ್ತದೆ. ಅವರ 50 ಎಂಎಂ ಎಫ್ 1.8 ಎಸ್‌ಟಿಎಂ ಮುಖ ಮಾತ್ರ ತೆಗೆಯಲು ಬಹಳ ಒಳ್ಳೆಯದು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮರಾ ಇದ್ದರೆ 50 ಎಂಎಂ ಕಣ್ಣು ಮುಚ್ಚಿ ತಗೊಳ್ಳಿ.

ಎಫ್ 1.8ರಲ್ಲಿ ಒಂದು ಎಚ್ಚರ ಬೇಕು. ಐದು ಅಡಿ ದೂರದಿಂದ ತೆಗೆದರೆ, ಈ 35ರಲ್ಲಿ ಸ್ಪಷ್ಟವಾಗಿ ಬರುವುದು ಸುಮಾರು ಐದು ಇಂಚು ಆಳ ಅಷ್ಟೇ. 50ರಲ್ಲಿ ಅದು ಎರಡೂವರೆ ಇಂಚು. ಮೂಗು ಸರಿಯಾಗಿ ಬಂದು ಕಣ್ಣು ಮಸುಕಾದ ಫೋಟೋ ನನ್ನ ಹತ್ತಿರ ರಾಶಿ ಇವೆ. ಈಗ ನಿರಂತರ ಫೋಕಸ್ ಹಾಕಿಕೊಂಡು, ಹತ್ತಿರದ ಕಣ್ಣಿನ ಮೇಲೆ ಒಂದೇ ಪಾಯಿಂಟ್ ಇಡುತ್ತೇನೆ. ಬೆಳಕು ಸ್ವಲ್ಪ ಜಾಸ್ತಿ ಇದ್ದರೆ ಎಫ್ 2.8ಕ್ಕೆ ಬರುತ್ತೇನೆ. ಕಣ್ಣನ್ನೇ ಹುಡುಕಿ ಹಿಡಿಯುವ ಹೊಸ ಮಿರರ್‌ಲೆಸ್ ಕ್ಯಾಮರಾ ಇದ್ದವರಿಗೆ ಈ ಕಷ್ಟ ಅಷ್ಟಿಲ್ಲ.

ಕೊಳ್ಳುವ ಮುಂಚೆ ಎರಡು ವಿಷಯ. ನಿಕಾನ್ ಡಿ3000, ಡಿ5000 ಸಾಲಿನ ಕ್ಯಾಮರಾಗಳ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಹಳೆಯ 50 ಎಂಎಂ ಎಫ್ 1.8 ಡಿ ಅಗ್ಗಕ್ಕೆ ಸಿಕ್ಕಿದರೂ ಅವುಗಳ ಮೇಲೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಮಗುವಿನ ಹಿಂದೆ ಅದು ಆಗುವ ಮಾತಲ್ಲ. ಲೆನ್ಸಿನ ಹೆಸರಲ್ಲಿ ಎಎಫ್-ಎಸ್ ಅಂತ ಇದೆಯಾ ನೋಡಿ, ಅದರಲ್ಲಿ ಮೋಟಾರ್ ಲೆನ್ಸಿನೊಳಗೇ ಇರುತ್ತದೆ. ನನ್ನ 35 ಎಂಎಂ 2009ರಿಂದ ಇರುವ ಲೆನ್ಸ್, ಸೆಕೆಂಡ್ ಹ್ಯಾಂಡ್ ಬೇಕಾದಷ್ಟು ಸಿಗುತ್ತದೆ. ಇನ್ನೊಂದು, ಫಂಗಸ್. ಸೆಕೆಂಡ್ ಹ್ಯಾಂಡ್ ಲೆನ್ಸ್ ಅಂದರೆ ಒಳಗೆ ಟಾರ್ಚ್ ಬಿಟ್ಟು ನೋಡಲೇಬೇಕು. ಜೇಡರ ಬಲೆಯಂಥ ಎಳೆ ಕಂಡರೆ ಬೇಡ ಅನ್ನಿ. ಮಲೆನಾಡಿನ ಮಳೆಗಾಲ ಲೆನ್ಸಿಗೆ ತುಂಬ ಕೆಟ್ಟದ್ದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಕ್ಕೆ ಸಿಲಿಕಾ ಜೆಲ್ ಹಾಕಿ, ಅದರಲ್ಲಿ ಲೆನ್ಸ್ ಇಟ್ಟು ತಂದಿದ್ದೇನೆ. ಜೆಲ್ ಬಣ್ಣ ಬದಲಾದರೆ ಒಲೆ ಹತ್ತಿರ ಒಣಗಿಸುತ್ತೇನೆ.

ಎಲ್‌ಇಡಿ ಬಲ್ಬು ಇರುವ ಮನೆಯಲ್ಲಿ ಇನ್ನೊಂದು ತೊಂದರೆ ಇದೆ. ಒಂದೇ ಸೆಟ್ಟಿಂಗ್, ಒಂದೇ ಜಾಗ. ಆದರೂ ಒಂದು ಫೋಟೋ ಮಂಕು, ಮುಂದಿನದು ಬೆಳ್ಳಗೆ, ಇನ್ನೊಂದರಲ್ಲಿ ಪಟ್ಟೆ. ನಮ್ಮ ಕರೆಂಟು 50 ಹರ್ಟ್ಸ್. ಎಷ್ಟೋ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ವೇಗದ ಶಟರಿಗೆ ಸಿಕ್ಕಿಬೀಳುತ್ತದೆ. 1/100ಕ್ಕೆ ಇಟ್ಟರೆ ಸರಿಹೋಗುತ್ತದೆ. ಕೂತು ಆಡುವ ಮಗುವಿಗೆ 1/100 ಸಾಕು. ಓಡುವ ಮಗುವಿಗೆ 1/250 ಆದರೂ ಬೇಕು. ಇಲ್ಲಿಗೆ ಬಂದಾಗ ಲೆನ್ಸ್ ಒಂದರಿಂದಲೇ ಆಗುವುದಿಲ್ಲ.

ಈ ನಡುಮನೆಯನ್ನೇ ತಗೊಳ್ಳಿ. ಮೇಲೆ ನೋಡಿ, ಹಂಚಿನ ನಡುವೆ ಎರಡು ಗಾಜಿನ ಹಂಚು. ಅದರ ಕೆಳಗೆ ಚಾಪೆ ಹಾಸಿ ಮಗುವನ್ನು ಕೂರಿಸಿದರೆ ಎಷ್ಟು ಚೆಂದದ ಬೆಳಕು! ನಿನ್ನೆ ಹಾಗೇ ಮಾಡಿದೆ. ಪುಟ್ಟಿ ಐದು ನಿಮಿಷ ಕೂತಳು. ನಾಲ್ಕು ಒಳ್ಳೆಯ ಫೋಟೋ ಸಿಕ್ಕವು. ಆಮೇಲೆ ಎದ್ದು ಜಗುಲಿ ಕಡೆ ಓಡಿದಳು. ನಾನು ಎತ್ತಿ ತಂದು ಕೂರಿಸಿದೆ, ಮತ್ತೆ ಓಡಿದಳು, ಮತ್ತೆ ತಂದೆ. ಮೂರನೇ ಸಲ ಅತ್ತಳು. ನನಗೆ ಬೇಜಾರಾಯಿತು. ಅವಳ ಆಟ ಕೆಡಿಸಿ ಯಾವ ಫೋಟೋ ತೆಗೆದು ಏನಾಗಬೇಕು? ಬೆಳಕು ಇರುವಲ್ಲಿಗೆ ಮಗುವನ್ನು ಎಳೆದು ತರುವುದಲ್ಲ, ಮಗು ಎಲ್ಲಿ ಆಡುತ್ತದೋ ಆ ಕೋಣೆಗೆ ಬೆಳಕು ತುಂಬಬೇಕು. ನಾನು ಫ್ಲ್ಯಾಶ್ ತಗೊಂಡದ್ದು ಅದಕ್ಕೇ.

ಫ್ಲ್ಯಾಶ್ ಕೊಳ್ಳುವಾಗ ನಾನು ನೋಡುವುದು ಮುಖ್ಯವಾಗಿ ಅದರ ತಲೆ. ಮೇಲಕ್ಕೂ ಏಳಬೇಕು, ಪಕ್ಕಕ್ಕೂ ಹಿಂದಕ್ಕೂ ತಿರುಗಬೇಕು. ಜೊತೆಗೆ ಟಿಟಿಎಲ್ ಇರಬೇಕು. ಟಿಟಿಎಲ್ ಇದ್ದರೆ ಎಷ್ಟು ಬೆಳಕು ಬಿಡಬೇಕು ಅಂತ ಪ್ರತಿ ಕ್ಲಿಕ್ಕಿಗೂ ಕ್ಯಾಮರಾನೇ ಲೆಕ್ಕ ಹಾಕುತ್ತದೆ. ಮಗು ಒಂದು ಕ್ಷಣ ಹತ್ತಿರ, ಒಂದು ಕ್ಷಣ ದೂರ ಇರುವಾಗ ಕೈಯಲ್ಲಿ ಲೆಕ್ಕ ಹಾಕುತ್ತಾ ಕೂರಲು ಆಗುವುದಿಲ್ಲ. ಗೋಡಾಕ್ಸ್ ಕಂಪನಿಯ ಟಿಟಿ685 ಫ್ಲ್ಯಾಶ್‌ನಲ್ಲಿ ಟಿಟಿಎಲ್ ಇದೆ. ಹೆಸರು ಹತ್ತಿರವೇ ಇರುವ ಟಿಟಿ600 ಅಗ್ಗ, ಆದರೆ ಕ್ಯಾಮರಾ ಮೇಲೆ ಅದು ಮ್ಯಾನ್ಯುವಲ್ ಮಾತ್ರ. ನಿಕಾನ್, ಕ್ಯಾನನ್, ಸೋನಿಗೆ ಬೇರೆ ಬೇರೆ ಮಾಡೆಲ್ ಬರುತ್ತವೆ, ಹೆಸರಿನ ಕೊನೆಯ ಅಕ್ಷರ ನೋಡಿ ತಗೊಳ್ಳಿ. ಡಬ್ಬದ ಮೇಲೆ ಗೈಡ್ ನಂಬರ್, ಅಂದರೆ ಫ್ಲ್ಯಾಶಿನ ಶಕ್ತಿಯ ಅಳತೆ, 60 ಅಂತ ಇರುತ್ತದೆ. ಅದು ಫ್ಲ್ಯಾಶ್ ತಲೆಯನ್ನು 200 ಎಂಎಂಗೆ ಝೂಮ್ ಮಾಡಿ, ಬೆಳಕನ್ನು ಕಿರಿದಾಗಿಸಿದಾಗಿನ ಲೆಕ್ಕ. ಬೆಳಕನ್ನು ಹರಡಿ ಸೀಲಿಂಗಿಗೆ ಹೊಡೆಸಿದಾಗ ಅಷ್ಟು ಶಕ್ತಿ ಇರುವುದಿಲ್ಲ. ಆದರೂ ಒಂದು ರೂಮಿಗೆ ಧಾರಾಳವಾಗಿ ಸಾಕು.

ಫ್ಲ್ಯಾಶನ್ನು ಮಗುವಿನ ಕಡೆ ತಿರುಗಿಸಬೇಡಿ. ನೇರ ಮೇಲಕ್ಕೂ ಬೇಡ, ಕಣ್ಣಿನ ಗುಳಿಯಲ್ಲಿ ನೆರಳು ಬೀಳುತ್ತದೆ. ನಾನು ತಲೆಯನ್ನು ನನ್ನ ಹಿಂದಿನ ಮೂಲೆಗೆ, ಗೋಡೆ ಸೀಲಿಂಗಿಗೆ ಸೇರುವ ಜಾಗಕ್ಕೆ ತಿರುಗಿಸುತ್ತೇನೆ. ಆಗ ಆ ಇಡೀ ಮೂಲೆಯೇ ಒಂದು ದೊಡ್ಡ ಕಿಟಕಿಯ ಹಾಗೆ ಕೆಲಸ ಮಾಡುತ್ತದೆ. ನೆರಳು ಮೆತ್ತಗಾಗುತ್ತದೆ, ಕಣ್ಣು ಕೆಂಪಾಗುವುದಿಲ್ಲ. ಶಟರ್ 1/200, ಎಫ್ 4, ಐಎಸ್‌ಒ 800. ಐಎಸ್‌ಒ ಅಂದರೆ ಕ್ಯಾಮರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ. ಈ ಸೆಟ್ಟಿಂಗಿನಲ್ಲಿ ಬಲ್ಬಿನ ಬೆಳಕು ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಆ ಮಿನುಗುವ ಕಾಟವೂ ಹೋಗುತ್ತದೆ. ಫ್ಲ್ಯಾಶ್ ತನ್ನ ಶಕ್ತಿಯಲ್ಲಿ ಸ್ವಲ್ಪ ಭಾಗ ಮಾತ್ರ ಬಳಸಿದಾಗ ಅದರ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕದು. ಓಡುವ ಕಾಲು, ಹಾರುವ ಕೂದಲು ಎಲ್ಲ ನಿಂತ ಹಾಗೆ ಬರುವುದು ಅದರಿಂದ. ಐಎಸ್‌ಒ 100 ಇಡದೆ 800 ಇಟ್ಟರೆ ಫ್ಲ್ಯಾಶ್ ಕಡಿಮೆ ಶಕ್ತಿ ಬಳಸಿದರೆ ಸಾಕು, ಅದಕ್ಕೇ ಹಾಗಿಡುವುದು. ಎಫ್ 4 ಆದ್ದರಿಂದ ಮುಖ ಪೂರ್ತಿ ಫೋಕಸ್‌ನಲ್ಲೂ ಇರುತ್ತದೆ.

ಬಿಳಿ ಸೀಲಿಂಗ್ ಇರುವ ಬೆಂಗಳೂರಿನ ಮನೆಗೆ ಇಷ್ಟು ಸಾಕು. ಗೋಡೆಗೆ ಹಸಿರೋ ಗುಲಾಬಿಯೋ ಬಣ್ಣ ಇದ್ದರೆ ಅದೇ ಬಣ್ಣ ಮಗುವಿನ ಕೆನ್ನೆಗೂ ಬರುತ್ತದೆ. ಆಗ ಸೀಲಿಂಗನ್ನೇ ಬಳಸಿ.

ಆದರೆ ಇಲ್ಲಿ ಸೀಲಿಂಗ್ ಎಲ್ಲಿದೆ? ಹಂಚಿನ ಮಾಡು, ವರ್ಷಗಟ್ಟಲೆ ಹೊಗೆ ಹಿಡಿದು ಕಪ್ಪಾದ ಪಕಾಸಿ, ರೀಪು. ಮೊನ್ನೆ ಮೇಲಕ್ಕೆ ಫ್ಲ್ಯಾಶ್ ಹೊಡೆದೆ. ಹೋದ ಬೆಳಕು ವಾಪಸ್ ಬರಲೇ ಇಲ್ಲ. ಫೋಟೋ ಪೂರ್ತಿ ಕತ್ತಲು. ಕೆಳಗೆ ಕಾವಿ ನೆಲ, ಅದರ ಕೆಂಪು ಮಾತ್ರ ಗಲ್ಲದ ಕೆಳಗೆ ಹತ್ತಿಕೊಂಡಿತ್ತು. ಆಮೇಲೆ ಕಣ್ಣಿಗೆ ಬಿದ್ದದ್ದು ಬಟ್ಟೆ. ಮಳೆಗಾಲದಲ್ಲಿ ಈ ಮನೆಯೊಳಗೆ ಮೂರು ಹಗ್ಗ ಕಟ್ಟಿರುತ್ತಾರೆ. ಒಣಗಲು ಹಾಕಿದ ಅಪ್ಪನ ಬಿಳಿ ಪಂಚೆ ಅಗಲವಾಗಿ ನೇತಾಡುತ್ತಿತ್ತು. ಫ್ಲ್ಯಾಶನ್ನು ಅದಕ್ಕೆ ತಿರುಗಿಸಿದೆ. ಎಂಥ ಮೃದು ಬೆಳಕು ಅಂತೀರಾ! ಒಂದು ಪಕ್ಕದಿಂದ ಬಂದು ಕೆನ್ನೆ ಸವರಿದ ಹಾಗೆ.

ಅಮ್ಮನಿಗೆ ಮಾತ್ರ ಸಮಾಧಾನ ಇರಲಿಲ್ಲ. "ಎಂತದೇ ಅದು ಮಿಂಚು, ಮಗು ಕಣ್ಣಿಗೆ ಹೊಡೀಬೇಡ ಮಾರಾಯ್ತಿ" ಅಂದಳು. ನಾನು ಅವಳನ್ನೇ ಮಗು ಕೂರುವ ಜಾಗದಲ್ಲಿ ಕೂರಿಸಿ, ಪಂಚೆ ಕಡೆ ಫ್ಲ್ಯಾಶ್ ಹೊಡೆದು ತೋರಿಸಿದೆ. "ಇಷ್ಟೆಯಾ? ಹಾಗಾದ್ರೆ ತೆಗಿ" ಅಂದಳು. ಮಲಗಿದ ಮಗುವಿಗೆ, ತೊಟ್ಟಿಲ ಕೂಸಿಗೆ ನಾನು ಫ್ಲ್ಯಾಶ್ ಹಾಕುವುದೇ ಇಲ್ಲ. ಅವು ಅಲ್ಲಾಡದೆ ಇರುತ್ತವೆ, ಕಿಟಕಿಯ ಬೆಳಕು ಸಾಕು. ಹುಟ್ಟುಹಬ್ಬದ ಮೋಂಬತ್ತಿ ಆರಿಸುವಾಗಲೂ ಫ್ಲ್ಯಾಶ್ ಬೇಡ. ಮೂಲೆಯಲ್ಲಿ ಒಂದು ದೀಪ ಬಿಟ್ಟು ಉಳಿದದ್ದು ಆರಿಸಿ, ಎಫ್ 1.8, ಐಎಸ್‌ಒ 3200ರಲ್ಲಿ ತೆಗೆಯಿರಿ. ಮೋಂಬತ್ತಿಯ ಬಂಗಾರದ ಬಣ್ಣ ಮುಖದ ಮೇಲೆ ಉಳಿಯಬೇಕಲ್ವಾ?

ಓಡುವ ಮಗು ಇರುವ ಮನೆಯಲ್ಲಿ ಲೈಟ್ ಸ್ಟ್ಯಾಂಡ್ ಇಡಬೇಡಿ. ಒಂದು ಕಾಲು ತಾಗಿದರೆ ಅದು ಮಗುವಿನ ತಲೆ ಮೇಲೆ ಬೀಳುತ್ತದೆ. ಫ್ಲ್ಯಾಶ್ ಕ್ಯಾಮರಾ ಮೇಲೇ ಇರಲಿ. ಬಿಚ್ಚಿದ ಬ್ಯಾಟರಿಗಳು ಮೇಲಿನ ಕಪಾಟಿನಲ್ಲಿರಲಿ.

ಇದು ಇವತ್ತು ಸಂಜೆಯ ಫೋಟೋ. ಕರೆಂಟು ಹೋಗಿತ್ತು. ಪುಟ್ಟಿ ಅಜ್ಜಿಯ ಸೆರಗು ಹಿಡಿದು ಅಡುಗೆಮನೆಯಿಂದ ನಡುಮನೆಗೆ ಓಡಿ ಬಂದಳು, ಕೈಯಲ್ಲಿ ಅರ್ಧ ಕಡಿದ ಹಲಸಿನ ಹಪ್ಪಳ. ಪಂಚೆ ಒಣಗಿತ್ತು, ಹಗ್ಗದಿಂದ ತೆಗೆದಾಗಿತ್ತು. ಅಪ್ಪ ಅದನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು "ಹ್ಞೂಂ, ಈಗ ತೆಗಿ" ಅಂದರು. 35 ಎಂಎಂ, ಎಫ್ 4, 1/200, ಐಎಸ್‌ಒ 800. ಎಡಗಡೆ ಅಂಚಿನಲ್ಲಿ ಬಿಳಿ ಬಟ್ಟೆ ಹಿಡಿದ ನಾಲ್ಕು ಬೆರಳು ಕಾಣುತ್ತಿವೆಯಲ್ಲ, ಅದು ಅಪ್ಪನದು. ಅದನ್ನು ನಾನು ಕ್ರಾಪ್ ಮಾಡಿಲ್ಲ.