ಒಂದು ಫೋನು, ಮೂವತ್ತೊಂದು ಮಕ್ಕಳು

ಕೇಳುಗರಿಗೆಲ್ಲ ನಮಸ್ಕಾರ.

ಶ್ರೀನಿವಾಸಪುರದ ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿಗೆ ಹೋಗಿ, ಜೂನ್ ತಿಂಗಳ ಒಂದು ಸಂಜೆ ನಾನು ಹದಿಮೂರು ಹಾಳೆ ಮುದ್ರಿಸಿಕೊಂಡೆ. ಒಂದೊಂದು ಹಾಳೆಯಲ್ಲೂ ಒಂದೊಂದು ಕಪ್ಪು ಆಕಾರ. ಚೌಕದ ಅಂಚನ್ನು ಇಲಿ ಅಲ್ಲಲ್ಲಿ ಕಡಿದು ಬಿಟ್ಟಂತೆ. ಅಂಗಡಿಯಣ್ಣ ಹಾಳೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡಿ, "ಏನಮ್ಮ ಇದು, ರಂಗೋಲಿನಾ?" ಅಂದರು. "ಲೆಕ್ಕದ ಪರೀಕ್ಷೆ ಅಣ್ಣ" ಅಂದೆ. "ಮತ್ತೆ ಲೆಕ್ಕ ಎಲ್ಲಿ?" ಅಂತ ಕೇಳಿದರು. ಆ ಪ್ರಶ್ನೆಗೆ ನಾನು ಅವತ್ತು ನಿಂತು ಉತ್ತರ ಕೊಡಲಿಲ್ಲ, ಊರಿನ ಕೊನೆಯ ಬಸ್ಸು ಹೊರಟಿತ್ತು. ಇವತ್ತು ಕೊಡುತ್ತೇನೆ.

ನಾನು ಡಿ.ಎಲ್.ಇಡಿ. ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಕಡೆ ಹಿರಿಯರು ಈಗಲೂ ಇದನ್ನು ಟಿ.ಸಿ.ಎಚ್. ಅಂತಲೇ ಕರೆಯುತ್ತಾರೆ. ಮುಂದೆ ಪ್ರಾಥಮಿಕ ಶಾಲೆಯ ಟೀಚರ್ ಆಗಬೇಕೆಂದು ಓದುತ್ತಿದ್ದೇನೆ. ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಸುತ್ತ ಮಾವಿನ ತೋಪು. ಐದು ತರಗತಿ, ಇಬ್ಬರು ಶಿಕ್ಷಕರು, ಮೂವತ್ತೊಂದು ಮಕ್ಕಳು. ಒಂದರಿಂದ ಮೂರರವರೆಗೆ ನಲಿಕಲಿ ಕೊಠಡಿ, ಅಂದರೆ ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು ಹಿಡಿದು ಕಲಿಯುವ ಜಾಗ. ನಾಲ್ಕು ಮತ್ತು ಐದನೇ ತರಗತಿ ಸೇರಿ ಹದಿಮೂರು ಮಕ್ಕಳು ಇನ್ನೊಂದು ಕೊಠಡಿಯಲ್ಲಿ.

ಕಾಲೇಜಿನಲ್ಲಿ ನಮಗೆ ಆನ್‌ಲೈನ್ ಸಾಧನಗಳ ಪರಿಚಯ ಮಾಡಿಸಿದ್ದರು. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ಉತ್ತರ ಒತ್ತುವ ಕ್ವಿಜ್ ಆಟ, ಎಲ್ಲರೂ ಒಟ್ಟಿಗೆ ಚೀಟಿ ಅಂಟಿಸುವ ಪರದೆಯ ಹಲಗೆ. ನಾವು ಮೂವತ್ತು ಜನ ಗೆಳತಿಯರು ಆಡಿ, ಗೆದ್ದು, ಕೂಗಾಡಿದ್ದೆವು. ಶಾಲೆಗೆ ಬಂದಾಗ ಗೊತ್ತಾಯಿತು, ಅವೆಲ್ಲ ಪ್ರತಿ ಮಗುವಿನ ಕೈಯಲ್ಲೂ ಒಂದು ಫೋನು ಇದೆ ಅಂದುಕೊಂಡು ಮಾಡಿದವು. ಈ ಊರಿನಲ್ಲಿ ಮನೆಗೊಂದು ಫೋನು ಇದ್ದರೂ ಬೆಳಗ್ಗೆ ಆರಕ್ಕೆ ಅದು ಅಪ್ಪನ ಜೇಬಿನಲ್ಲಿ ತೋಪಿಗೆ ಹೋಗಿರುತ್ತದೆ. ತರಗತಿಯಲ್ಲಿ ಇರುವುದು ನನ್ನದೊಂದೇ.

ಮೊದಲ ವಾರ ನಾನು ಮನೆಯಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ಬೀಜ ಮೊಳೆಯುವ ವಿಡಿಯೊ ತೋರಿಸಿದೆ. ಬಣ್ಣ ಇತ್ತು, ಸಂಗೀತ ಇತ್ತು. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಪಾಠ ಚೆನ್ನಾಗಿ ಆಯಿತು ಅಂದುಕೊಂಡೆ. ಊಟದ ಬಿಡುವಿನಲ್ಲಿ ಮುಖ್ಯಶಿಕ್ಷಕರು ಕರೆದು, "ಅಷ್ಟು ಹೊತ್ತೂ ಮಕ್ಕಳ ಕೈ ಏನು ಮಾಡ್ತಿತ್ತು, ನೋಡಿದ್ಯೇನಮ್ಮ?" ಅಂದರು. ನಾನು ನೋಡಿರಲಿಲ್ಲ. ಮಕ್ಕಳ ಕೈ ಕಟ್ಟಿಕೊಂಡೇ ಇತ್ತು. ಮೊಳಕೆಯ ಬಗ್ಗೆ ಮಧ್ಯಾಹ್ನ ಕೇಳಿದರೆ ಅವರಿಗೆ ನೆನಪಿದ್ದದ್ದು ಹಾಡು ಮಾತ್ರ. ಆಮೇಲೆ ನಾನು ಯಾವ ಆ್ಯಪ್ ತೆರೆದರೂ ಮೊದಲು ಆ ಪ್ರಶ್ನೆಯನ್ನೇ ಕೇಳಿಕೊಂಡಿದ್ದೇನೆ.

ಈಗ ಆ ಹದಿಮೂರು ಹಾಳೆ. ಆ ಸಾಧನದ ಹೆಸರು ಪ್ಲಿಕರ್ಸ್. ಪ್ರತಿ ಹಾಳೆಗೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಬೇರೆ ಬೇರೆ ಆಕಾರ. ಚೌಕದ ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಸಣ್ಣ ಅಕ್ಷರ. ಪಕ್ಕದವರಿಗೆ ಕಾಣದಷ್ಟು ಸಣ್ಣದು. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಹಾಳೆ ತಿರುಗಿಸಿ ಹಿಡಿಯುತ್ತದೆ. ಟೀಚರ್ ತನ್ನ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಹಾಯಿಸಿದರೆ ಸಾಕು, ಯಾವ ಸಂಖ್ಯೆಯವರು ಯಾವ ಉತ್ತರ ಹಿಡಿದಿದ್ದಾರೆ ಅಂತ ಫೋನಿನಲ್ಲಿ ಮೂಡುತ್ತದೆ. ಮಕ್ಕಳ ಕೈಯಲ್ಲಿರುವುದು ಬರೀ ಕಾಗದ.

ಐದನೇ ತರಗತಿಯ ಭಿನ್ನರಾಶಿ. ನಾನು ಕೇಳಿದೆ: ಮೂರರಲ್ಲಿ ಒಂದು ಭಾಗ ದೊಡ್ಡದೋ, ನಾಲ್ಕರಲ್ಲಿ ಒಂದು ಭಾಗ ದೊಡ್ಡದೋ? ಎ ಅಂದರೆ ಮೂರರಲ್ಲಿ ಒಂದು, ಬಿ ಅಂದರೆ ನಾಲ್ಕರಲ್ಲಿ ಒಂದು, ಸಿ ಅಂದರೆ ಎರಡೂ ಸಮ, ಡಿ ಅಂದರೆ ನನಗೆ ಗೊತ್ತಿಲ್ಲ. ಈ ಡಿ ನಾನೇ ಬೇಕೆಂದು ಇಟ್ಟದ್ದು. ಗೊತ್ತಿಲ್ಲ ಅನ್ನುವುದಕ್ಕೂ ತರಗತಿಯಲ್ಲಿ ಒಂದು ಜಾಗ ಇರಲಿ ಅಂತ.

ಅದಕ್ಕೂ ಮುಂಚೆ ಇದೇ ಪ್ರಶ್ನೆಯನ್ನು ಕೈ ಎತ್ತಿಸಿ ಕೇಳಿದಾಗ, ಮೊದಲ ಬೆಂಚಿನ ಹುಡುಗಿ ಕೈ ಎತ್ತಿದ್ದನ್ನು ನೋಡಿ ಮಿಕ್ಕವರೂ ಎತ್ತಿದ್ದರು. ಎಲ್ಲರಿಗೂ ಬರುತ್ತದೆ ಅಂತ ನಾನು ಮುಂದಕ್ಕೆ ಹೋಗಿದ್ದೆ. ಹಾಳೆ ಹಿಡಿದಾಗ ಕಂಡದ್ದೇ ಬೇರೆ. ಎಂಟು ಮಕ್ಕಳು ಬಿ. ನಾಲ್ಕು ಮೂರಕ್ಕಿಂತ ದೊಡ್ಡದು, ಆದ್ದರಿಂದ ನಾಲ್ಕರ ಭಾಗವೂ ದೊಡ್ಡದು ಅನ್ನುವ ಲೆಕ್ಕ. ಇಬ್ಬರು ಡಿ. ಮೂವರು ಮಾತ್ರ ಎ. ಆ ಮೂವರಲ್ಲಿ ಒಬ್ಬ, ನಾನು ಹೋದ ಮೇಲೆ ಒಂದು ದಿನವೂ ಕೈ ಎತ್ತದೆ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ ಹುಡುಗ.

ಅವನ ಪಕ್ಕ ಹೋಗಿ ಕೂತು, "ಹೇಗೆ ಗೊತ್ತಾಯ್ತೋ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಅಪ್ಪ ತೋಪು ಗುತ್ತಿಗೆ ಹಿಡೀತಾರಲ್ಲ ಮಿಸ್. ಹೋದ ವರ್ಷ ಮೂರು ಜನ ಪಾಲು. ಈ ವರ್ಷ ಚಿಕ್ಕಪ್ಪನೂ ಸೇರಿಕೊಂಡ್ರು. ಪಾಲಿಗೆ ಬರೋರು ಜಾಸ್ತಿ ಆದ್ರೆ ಪಾಲು ಕಮ್ಮಿ ಆಗುತ್ತಲ್ಲ."

ನನ್ನ ಪಾಠ ಯೋಜನೆಯಲ್ಲಿ ಬಣ್ಣದ ಕಾಗದ ಕತ್ತರಿಸುವುದು ಅಂತ ಬರೆದುಕೊಂಡು ಹೋಗಿದ್ದೆ. ಅದನ್ನು ಬಿಟ್ಟು ಅವನನ್ನೇ ಮುಂದೆ ಕರೆದು ಹೇಳಿಸಿದೆ. ನನ್ನ ಡಬ್ಬಿಯ ಎರಡು ಚಪಾತಿ ತೆಗೆದು ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ತುಂಡು ಮಾಡಿ, ಹಸಿವಾಗಿದ್ದರೆ ಯಾವ ತುಂಡು ತೆಗೆದುಕೊಳ್ಳುತ್ತೀರಿ ಅಂತ ಕೇಳಿದೆ. ಅದೇ ಪ್ರಶ್ನೆಗೆ ಮತ್ತೆ ಹಾಳೆ ಹಿಡಿಸಿದಾಗ ಹನ್ನೊಂದು ಜನ ಎ. ಉಳಿದ ಇಬ್ಬರ ಜೊತೆ ಮಧ್ಯಾಹ್ನ ಕೂತೆ. ಯಾರ ಜೊತೆ ಕೂರಬೇಕು ಅಂತ ನನಗೆ ಗೊತ್ತಿತ್ತಲ್ಲ, ಅದು ಆ ಕಾಗದದ ಉಪಕಾರ.

ಮಗುವಿನ ಕೈಗೆ ಕಾರ್ಡು ಕೊಡುವುದು ನಮ್ಮ ಸರ್ಕಾರಿ ಶಾಲೆಗಳಿಗೆ ಹೊಸದೇನಲ್ಲ. ಪಕ್ಕದ ನಲಿಕಲಿ ಕೊಠಡಿಯಲ್ಲಿ ತಟ್ಟೆ ಅಂತ ಕರೆಯುವ ಗುಂಪುಗಳಲ್ಲಿ ಕೂತ ಮಕ್ಕಳು, ಯಾವುದಾದ ಮೇಲೆ ಯಾವುದು ಅಂತ ತೋರಿಸುವ ಕಲಿಕಾ ಏಣಿ ನೋಡಿ ತಮ್ಮ ಕಾರ್ಡು ತಾವೇ ಎತ್ತಿಕೊಳ್ಳುತ್ತಾರೆ. ತಲೆಯ ಮೇಲಿನ ಚಪ್ಪರದಲ್ಲಿ ಅವರು ಬರೆದದ್ದು ತೂಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಶುರುವಾದಾಗ ಅಲ್ಲಿನ ಶಿಕ್ಷಕರು ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದಿದ್ದರು. ಆ ಋಷಿವ್ಯಾಲಿ ಇರುವುದು ಆಂಧ್ರದ ಮದನಪಲ್ಲಿಯ ಹತ್ತಿರ, ನಮ್ಮ ತಾಲ್ಲೂಕಿನ ಗಡಿಯಿಂದ ಆಚೆಗೆ. ನಮ್ಮವರು ಟೊಮೆಟೊ ರೇಟು ವಿಚಾರಿಸುವ ಊರಿನ ಮಗ್ಗುಲಿನಲ್ಲಿ ಹುಟ್ಟಿದ ವಿಚಾರ ಮೈಸೂರು ಕಡೆ ಹೋಗಿ, ರಾಜ್ಯವೆಲ್ಲ ಸುತ್ತಿ ನಮ್ಮ ಶಾಲೆಗೆ ಬಂದಿದೆ. ನನಗೆ ಇದು ಬಹಳ ಹೆಮ್ಮೆಯ ಸಂಗತಿ.

ಬೀಜದ ಪಾಠವನ್ನು ಮತ್ತೆ ಮಾಡಿದೆ. ಈ ಸಲ ವಿಡಿಯೊ ಇಲ್ಲ. ಮಕ್ಕಳೇ ಮನೆಯಿಂದ ರಾಗಿ, ಹುರುಳಿ, ಅವರೆ ತಂದರು. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ದಿನಾ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು, ಸೀಮೆಸುಣ್ಣದಲ್ಲಿ ಗುರುತು ಹಾಕಿದ ಜಾಗದಲ್ಲೇ ನಿಂತು, ನನ್ನ ಫೋನಿನಲ್ಲಿ ಒಂದು ಫೋಟೊ ತೆಗೆಯಬೇಕು. ಹತ್ತು ದಿನ, ಹತ್ತು ಫೋಟೊ. ಕೊನೆಗೆ ಒಂದರ ಹಿಂದೊಂದು ಬೇಗ ಬೇಗ ಸರಿಸಿದಾಗ ಹುರುಳಿ ತಲೆ ಎತ್ತಿ ಕಿಟಕಿಯ ಬೆಳಕಿನ ಕಡೆ ವಾಲಿತು. ಚಿಪ್ಪು ತಿರುಗಿಸಿ ಇಟ್ಟರೆ ಏನಾಗುತ್ತದೆ ಅಂತ ಒಬ್ಬಳು ಕೇಳಿದಳು. ತಿರುಗಿಸಿ ಇನ್ನೂ ನಾಲ್ಕು ದಿನ ಫೋಟೊ ತೆಗೆದೆವು. ಎರಡು ಸಲವೂ ಪರದೆ ಬೇಕಾಯಿತು, ಆದರೆ ಈ ಸಲ ಕೇಳುವವರು ಮಕ್ಕಳಾಗಿದ್ದರು.

ದೀಕ್ಷಾ ಆ್ಯಪ್ ಬಗ್ಗೆ ಶಿಕ್ಷಕ ಬಂಧುಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. 2017ರ ಶಿಕ್ಷಕರ ದಿನಾಚರಣೆಯಂದು ಆರಂಭವಾದದ್ದು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನು ಹಿಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ. ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ಧ್ವಜಸ್ತಂಭದ ಕಟ್ಟೆಯ ಮೇಲೆ, ಅದೂ ನಿಂತರೆ. ಹಾಗಾಗಿ ಹಿಂದಿನ ರಾತ್ರಿಯೇ ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತೇನೆ. ಹೆಚ್ಚಾಗಿ ಅದನ್ನು ನಾನೇ ನೋಡಿ ಪಾಠಕ್ಕೆ ತಯಾರಾಗುತ್ತೇನೆ, ಮಕ್ಕಳಿಗೆ ಎರಡು ನಿಮಿಷ ಮೀರಿ ತೋರಿಸುವುದಿಲ್ಲ.

ಗೂಗಲ್ ಅರ್ತ್‌ನಲ್ಲಿ ಊರಿನ ಕೆರೆ ತೋರಿಸಿದ ದಿನ ಮಾತ್ರ ಇಡೀ ಶಾಲೆ ಕಟ್ಟೆಯ ಸುತ್ತ ಸೇರಿತ್ತು. ಮೇಲಿನಿಂದ ನೋಡಿದರೆ ಕೆರೆಯ ಏರಿ ಒಂದು ಗೆರೆ. ಆ ಗೆರೆ ಹಿಡಿದು ಕೆಳಗಿನ ಕೆರೆ, ಅದರ ಕೆಳಗಿನ ಕೆರೆ ಅಂತ ಮಕ್ಕಳೇ ಬೆರಳಿಟ್ಟು ಹುಡುಕಿದರು. ವರ್ಷ ತುಂಬ ಹರಿಯುವ ನದಿಯೇ ಇಲ್ಲದ ಜಿಲ್ಲೆ ನಮ್ಮದು. ಒಂದು ಕೆರೆ ಕೋಡಿ ಬಿದ್ದು ಇನ್ನೊಂದು ತುಂಬುವಂತೆ ಹಿರಿಯರು ಕಟ್ಟಿಟ್ಟದ್ದನ್ನು ಪುಸ್ತಕದಲ್ಲಿ ಓದಿಸಿದ್ದೆ. ಅವತ್ತು ಅಂಗಳದ ಮಣ್ಣಿನಲ್ಲಿ ಮೂರು ಗುಳಿ ತೋಡಿ, ಬಿಂದಿಗೆಯಲ್ಲಿ ನೀರು ಹೊಯ್ದು ನೋಡಿದರು.

ಇನ್ನು ನನ್ನನ್ನು ನೋಯಿಸಿದ ಒಂದು ಸಾಧನದ ಮಾತು. ಹೆಸರು ಬೇಡ. ಮಗು ಗಟ್ಟಿಯಾಗಿ ಓದಿದರೆ ಕೇಳಿಸಿಕೊಂಡು, ತಪ್ಪಾದ ಪದಕ್ಕೆ ಕೆಂಪು ಬಣ್ಣ ಹಾಕುವ ಆ್ಯಪ್. ಮೂರನೇ ತರಗತಿಯ ಹುಡುಗಿಯೊಬ್ಬಳಿಗೆ ಕೊಟ್ಟೆ. "ಹಸು ಹಾಲು ಕೊಡುತ್ತದೆ" ಅಂತ ಇತ್ತು. ಅವಳು "ಅಸು ಆಲು ಕೊಡುತ್ತೆ" ಅಂದಳು. ಕೆಂಪು. ಮತ್ತೆ ಓದಿದಳು, ಮತ್ತೆ ಕೆಂಪು. ಮೂರನೇ ಸಲ ಇನ್ನೂ ಜೋರಾಗಿ ಓದಿದಳು. ಆಮೇಲೆ ಬಾಯಿ ಮುಚ್ಚಿದವಳು ಆ ವಾರವಿಡೀ ಓದಲಿಲ್ಲ. ಅವಳಿಗೆ ಅಕ್ಷರ ಗೊತ್ತಿತ್ತು, ಅರ್ಥ ಗೊತ್ತಿತ್ತು. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬರುವ ಮಗು ಅದು. ಹಕಾರವನ್ನು ನುಂಗಿ ಮಾತಾಡುವುದು ನಮ್ಮ ಸೀಮೆಯ ನಾಲಿಗೆ. ಅದನ್ನು ನಿಧಾನವಾಗಿ, ಪ್ರೀತಿಯಿಂದ ತಿದ್ದಬಹುದು. ಓದು ಈಗಷ್ಟೇ ಹತ್ತುತ್ತಿರುವ ಮಗುವಿನ ಮುಂದೆ ಕೆಂಪು ಬಣ್ಣ ಹಿಡಿಯುವುದು ತಪ್ಪು. ಆ ಆ್ಯಪನ್ನು ತೆಗೆದುಹಾಕಿದೆ.

ಅವಳ ಬಾಯಿ ತೆರೆಸಿದ್ದು ಬೇರೆಯೇ ಒಂದು ದಾರಿ. ನಮ್ಮ ಶ್ರೀನಿವಾಸಪುರ, ಮುಳಬಾಗಿಲು ಕಡೆ ಬಹಳ ಮನೆಗಳಲ್ಲಿ ತೆಲುಗು ಮಾತು. ನಮ್ಮ ಮನೆಯಲ್ಲೂ ಅಷ್ಟೇ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ನಮ್ಮ ಭಾಷೆಗೆ ತಿರುಗಿಸಬಹುದು, ಅಲ್ಲಿನ ಚಿತ್ರ ತೆಗೆದುಕೊಂಡು ಹೊಸ ಕಥೆಯನ್ನೇ ಕಟ್ಟಬಹುದು. ಇರುವೆಯದೊಂದು ಪುಟ್ಟ ಕಥೆ ಕನ್ನಡದಲ್ಲೂ ಇತ್ತು, ತೆಲುಗಿನಲ್ಲೂ ಇತ್ತು. ತೆಲುಗು ಲಿಪಿ ನನಗೆ ಬರುವುದಿಲ್ಲ. ರಾತ್ರಿ ನಮ್ಮ ಅಪ್ಪನಿಂದ ಓದಿಸಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಮಾರನೆಯ ದಿನ ಒಂದು ಸಾಲು ತೆಲುಗು, ಒಂದು ಸಾಲು ಕನ್ನಡ ಅಂತ ಓದಿದೆ. ವಾರದಿಂದ ಸುಮ್ಮನಿದ್ದ ಹುಡುಗಿ ತಲೆ ಎತ್ತಿ, "ಮಿಸ್, ನಮ್ಮನೆ ಚೀಮನೇ ಇಲ್ಲಿ ಇರುವೇನಾ?" ಅಂದಳು. ಹೌದಮ್ಮ, ಎರಡೂ ಒಂದೇ.

ಮನೆಮಾತು ಬೇರೆಯಾದರೆ ಕನ್ನಡ ಕೆಡುತ್ತದೆ ಅಂತ ಕೆಲವರು ಹೆದರುತ್ತಾರೆ. ಇದೇ ಕೋಲಾರ ಜಿಲ್ಲೆಯ ಮಾಸ್ತಿ ಊರಿನವರು ಮಾಸ್ತಿ ವೆಂಕಟೇಶ ಅಯ್ಯಂಗಾರರು. ಮನೆಮಾತು ತಮಿಳು. ಕನ್ನಡಕ್ಕೆ 1983ನೇ ಸಾಲಿನ ಜ್ಞಾನಪೀಠ ತಂದವರು. ಪೋಷಕರ ಸಭೆಯಲ್ಲಿ ನಾನು ಇದನ್ನು ಹೇಳಿದಾಗ ಹಿಂದೆ ನಿಂತಿದ್ದ ಒಬ್ಬ ತಾಯಿ, "ಹಾಗಾದ್ರೆ ಮನೇಲಿ ತೆಲುಗಲ್ಲೇ ಕಥೆ ಹೇಳಬಹುದಾ ಮೇಡಂ?" ಅಂತ ಕೇಳಿದರು. ಹೇಳಿ ಅಮ್ಮ, ದಿನಾ ಹೇಳಿ, ಅಂದೆ.

ಅದೇ ಸಭೆಯಲ್ಲಿ ಇನ್ನೊಂದು ಮಾತೂ ಆಯಿತು. ಮಕ್ಕಳ ಫೋಟೊ, ಹೆಸರು, ಅಂಕಗಳನ್ನು ನಾನು ಯಾವ ಆ್ಯಪಿಗೂ ಕೊಡುವುದಿಲ್ಲ. ಕಾರ್ಡಿನ ಆಟದಲ್ಲಿ ಅವರಿಗೆ ಸಂಖ್ಯೆ ಮಾತ್ರ ಇದೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು. ಪಾಠ ಮಾಡುವಾಗ ತೆಗೆದ ಮಕ್ಕಳ ಫೋಟೊವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವ ನನ್ನ ಗೆಳತಿಯರಿಗೂ ಇದನ್ನು ಹೇಳಿದ್ದೇನೆ, ಇಲ್ಲಿಂದ ಇನ್ನೊಮ್ಮೆ ಹೇಳುತ್ತೇನೆ. ದಯವಿಟ್ಟು ಬೇಡ.

ಬೋಧನಾಭ್ಯಾಸದ ಕೊನೆಯ ವಾರ ಮಕ್ಕಳು ತಮ್ಮದೇ ಒಂದು ಕಥೆ ಕಟ್ಟಿದರು. ಮಾವಿನ ತೋಪಿಗೆ ಕೋತಿಗಳು ನುಗ್ಗುತ್ತವೆ, ಹುಡುಗಿಯೊಬ್ಬಳು ಡಬ್ಬ ಬಡಿದು ಓಡಿಸುತ್ತಾಳೆ, ಮರಿಕೋತಿ ಒಂದು ಹಿಂದೆ ಉಳಿದುಬಿಡುತ್ತದೆ. ಹೇಳಿದ್ದು ತೆಲುಗಿನಲ್ಲಿ, ಬರೆದದ್ದು ಎರಡರಲ್ಲೂ. ಮರಿಕೋತಿಗೆ ತೋತಾಪುರಿ ಕೊಡಬೇಕೋ ಬಾದಾಮಿ ಕೊಡಬೇಕೋ ಅಂತ ಅರ್ಧ ಗಂಟೆ ವಾದ ನಡೆಯಿತು. ಬಾದಾಮಿಗೆ ಒಳ್ಳೆ ರೇಟು, ಕೋತಿಗೆ ತೋತಾಪುರಿಯೇ ಸಾಕು ಅಂತ ತೀರ್ಮಾನ ಆಯಿತು. ಎಂಟು ಪುಟ. ಚಿತ್ರಗಳನ್ನು ಸ್ಟೋರಿವೀವರ್‌ನಿಂದ ಆರಿಸಿಕೊಂಡೆವು. ಅದೇ ಜೆರಾಕ್ಸ್ ಅಂಗಡಿಯಲ್ಲಿ ಮೂವತ್ತೊಂದು ಪ್ರತಿ ಮಾಡಿಸಿದೆ. ಅಂಗಡಿಯಣ್ಣ ನಿಂತಲ್ಲೇ ಒಂದು ಪ್ರತಿ ಪೂರ್ತಿ ಓದಿ, ಎರಡು ಪುಟದ ದುಡ್ಡು ಬಿಟ್ಟರು.

ಹೊರಡುವ ದಿನ ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯ ಆಚೆ ಮನೆ ಜಗಲಿಯ ಮೇಲೆ, "ಅಸು ಆಲು" ಅಂದಿದ್ದ ಆ ಮೂರನೇ ತರಗತಿಯ ಹುಡುಗಿ ತನ್ನ ಅವ್ವನಿಗೆ ಪುಸ್ತಕ ಓದಿ ಹೇಳುತ್ತಿದ್ದಳು. ನಮ್ಮ ಕಡೆಯ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ತೆಲುಗಿನ ಸಾಲು ಬಂದಾಗ ಅಜ್ಜಿ ನಗುತ್ತಿದ್ದರು. ಕನ್ನಡದ ಸಾಲು ಬಂದಾಗ ಮೊಮ್ಮಗಳು ತಡೆದು, ತಾನು ಅಂದದ್ದನ್ನು ತಿರುಗಿ ಅನ್ನಿಸುತ್ತಿದ್ದಳು. "ಹಣ್ಣು ಅನ್ನು ಅವ್ವಾ, ಹಣ್ಣು." ಅಜ್ಜಿ "ಅಣ್ಣು" ಅಂದರು. ಅವಳು, "ಸರಿಯಾಗೇ ಇದೆ, ಮುಂದೆ ಕೇಳು" ಅಂತ ಪುಟ ತಿರುಗಿಸಿದಳು.

ನಮಸ್ಕಾರ.