ಎಡಗಾಲಿಗೆ ಮೊದಲೇ ಗೊತ್ತಾಗುತ್ತದೆ

ಕೇಳುಗರಿಗೆ ನಮಸ್ಕಾರ.

ಆಫೀಸಿನ ಹೊತ್ತಿಗೆ ಬೆಂಗಳೂರಿನ ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡ್ ಕಡೆ ಗೇರ್ ಕಾರಿನಲ್ಲಿ ಹೊರಟವರ ಎಡಗಾಲಿಗೆ ಬಿಡುವೇ ಇರುವುದಿಲ್ಲ. ಹತ್ತು ಅಡಿ ಮುಂದೆ, ಕ್ಲಚ್. ಮತ್ತೆ ಹತ್ತು ಅಡಿ, ಮತ್ತೆ ಕ್ಲಚ್. ಇಷ್ಟು ತುಳಿದರೂ ಪೆಡಲ್ ಮೊದಲಿಗಿಂತ ಬಿಗಿಯಾಗಿದೆಯೇ, ಕಾಲು ಮೊದಲಿಗಿಂತ ಹೆಚ್ಚು ಮೇಲೆತ್ತಿದ ಮೇಲಷ್ಟೇ ಗಾಡಿ ಹಿಡಿಯುತ್ತಿದೆಯೇ ಎಂದು ಗಮನಿಸುವವರು ಕಡಿಮೆ. ಕ್ಲಚ್ ಇದ್ದಕ್ಕಿದ್ದಂತೆ ಕೈಕೊಡುವುದು ಅಪರೂಪ. ಅದರ ಸುಳಿವು ಎಷ್ಟೋ ದಿನ ಮೊದಲೇ ಪಾದಕ್ಕೆ ಸಿಕ್ಕಿರುತ್ತದೆ.

ಎಂಜಿನ್ನಿನ ಹಿಂದೆ ತಿರುಗುವ ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ, ಎಂಜಿನ್ನಿನ ತಿರುಗುವಿಕೆಯನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಇರುತ್ತದೆ. ಡಯಾಫ್ರಮ್ ಸ್ಪ್ರಿಂಗ್ ಅದನ್ನು ಅದುಮಿ ಹಿಡಿದಿರುತ್ತದೆ. ನಾವು ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಆ ಸ್ಪ್ರಿಂಗನ್ನು ಒತ್ತುತ್ತದೆ, ಹಿಡಿತ ಬಿಡುತ್ತದೆ. ಇಲ್ಲೊಂದು ಲೆಕ್ಕವಿದೆ. ಪೆಡಲ್ ಸುಮಾರು 12ರಿಂದ 15 ಸೆಂಟಿಮೀಟರ್ ಕೆಳಗಿಳಿದರೂ ಒಳಗೆ ಪ್ರೆಶರ್ ಪ್ಲೇಟ್ ಹಿಂದೆ ಸರಿಯುವುದು ಒಂದೆರಡು ಮಿಲಿಮೀಟರ್ ಮಾತ್ರ. ಹಾಗಾಗಿ ಮೇಲೆ ಸ್ವಲ್ಪ ತುಳಿತ ಕಡಿಮೆಯಾದರೂ ಒಳಗೆ ಪ್ಲೇಟ್ ಪೂರ್ತಿ ಬಿಡುವುದಿಲ್ಲ. ರಿವರ್ಸ್ ಹಾಕುವಾಗ ಕರಕರ ಸದ್ದು ಬರುವುದು, ಫಸ್ಟ್ ಗೇರ್ ಬೀಳದೆ ಸತಾಯಿಸುವುದು ಆಗಲೇ. ಗೇರ್ ಬಾಕ್ಸನ್ನು ಬೈಯುವ ಮೊದಲು ಬಗ್ಗಿ ಪೆಡಲಿನ ಹಿಂದೆ ನೋಡಿ. ದಪ್ಪನೆಯ ಮ್ಯಾಟ್ ಮುಂದೆ ಜರುಗಿ, ಅಲ್ಲಿ ಮಡಚಿ ಕೂತಿದ್ದರೆ ಪೆಡಲ್ ತಳಮುಟ್ಟುವುದೇ ಇಲ್ಲ. ಸೀಟು ತೀರಾ ಹಿಂದಿದ್ದರೂ ಹೀಗೇ ಆಗುತ್ತದೆ. ಪೂರ್ತಿ ತುಳಿದಾಗಲೂ ಮೊಣಕಾಲು ಚೂರು ಮಡಚಿರಬೇಕು.

ಪೆಡಲ್ ಗಟ್ಟಿಯಾಯಿತು ಎಂದಾಕ್ಷಣ ‘ಪ್ಲೇಟ್ ಹೋಗಿದೆ ಸಾರ್’ ಎನ್ನುವವರಿದ್ದಾರೆ. ಇರಬಹುದು. ಪ್ಲೇಟ್ ಸವೆದಷ್ಟೂ ಸ್ಪ್ರಿಂಗಿನ ಕೋನ ಬದಲಾಗಿ ತುಳಿತ ಭಾರವಾಗುವುದು ನಿಜ. ಆದರೆ ಮಾರುತಿ 800ರಂತೆ ಕೇಬಲ್ ಕ್ಲಚ್ ಇರುವ ಕಾರಾದರೆ ಮೊದಲು ಕೇಬಲ್ ನೋಡಿಸಿ. ಕವಚದೊಳಗಿನ ತಂತಿ ತುಕ್ಕು ಹಿಡಿದು, ಎಳೆ ಬಿಟ್ಟು, ಉಜ್ಜುತ್ತಿದ್ದರೂ ಪೆಡಲ್ ಕಲ್ಲಾಗುತ್ತದೆ. ಗೇರ್ ಬಾಕ್ಸ್ ಇಳಿಸದೆಯೇ ಅದನ್ನು ಬದಲಾಯಿಸಬಹುದು.

ಕೇಬಲ್ ಕ್ಲಚ್ಚಿನಲ್ಲಿ ಇನ್ನೂ ಒಂದು ಸುಳಿವು ಸಿಗುತ್ತದೆ. ಪೆಡಲನ್ನು ಬೆರಳಿನಿಂದ ಒತ್ತಿದರೆ ಮೊದಲು ಒಂದಿಷ್ಟು ಸಲೀಸಾಗಿ ಹೋಗಬೇಕು. ಅದೇ ಫ್ರೀ ಪ್ಲೇ. ಪ್ಲೇಟ್ ಸವೆದಂತೆ ಅದು ಕಡಿಮೆಯಾಗುತ್ತದೆ, ಗಾಡಿ ಹಿಡಿಯುವ ಜಾಗ ಮೇಲೇರುತ್ತದೆ. ಸೆಟ್ ಮಾಡಿಸದೆ ಬಿಟ್ಟರೆ ಕಾಲು ತೆಗೆದ ಮೇಲೂ ಬೇರಿಂಗ್ ಸ್ಪ್ರಿಂಗನ್ನು ಒತ್ತುತ್ತಲೇ ಇರುತ್ತದೆ, ಕ್ಲಚ್ ಸ್ಲಿಪ್ ಆಗತೊಡಗುತ್ತದೆ. ನೈಸ್ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಭೋರೆಂದು, ವೇಗ ಮಾತ್ರ ಏರದಿದ್ದರೆ ಅದು ಸ್ಲಿಪ್.

ಕೇಬಲ್ ಬದಲು ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ತನ್ನನ್ನು ತಾನೇ ಹೊಂದಿಸಿಕೊಳ್ಳುವುದರಿಂದ ಈ ಸುಳಿವು ಅಷ್ಟು ಸ್ಪಷ್ಟವಾಗಿ ಸಿಗದು. ಅಲ್ಲಿ ಪೆಡಲ್ ಮೆತ್ತಗಾದರೆ ಎಚ್ಚರವಾಗಬೇಕು. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಸರಿಹೋಗುತ್ತಿದ್ದರೆ ಪೈಪಿನೊಳಗೆ ಗಾಳಿ ಸೇರಿರಬಹುದು, ಅಥವಾ ಸಿಲಿಂಡರ್ ಸೋರುತ್ತಿರಬಹುದು. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಆಯಿಲ್ ಡಬ್ಬಿ ಒಂದೇ. ಅದರ ಮಟ್ಟ ಇಳಿಯುತ್ತಿದ್ದರೆ ನಾಳೆ ನೋಡೋಣ ಅನ್ನಬೇಡಿ, ಅಂದೇ ಗ್ಯಾರೇಜಿಗೆ ಹೋಗಿ.

ನನಗೆ ನಿಜವಾಗಿ ಸಂಕಟವಾಗುವುದು ಹಾಫ್ ಕ್ಲಚ್ ನೋಡಿದಾಗ. ಹೆಬ್ಬಾಳದ ಫ್ಲೈಓವರ್ ಏರಿನಲ್ಲಿ ಗಾಡಿಗಳು ನಿಂತಾಗ ಹ್ಯಾಂಡ್‌ಬ್ರೇಕ್ ಮುಟ್ಟದೆ, ಕ್ಲಚ್ಚಿನಲ್ಲೇ ಕಾರನ್ನು ಜೋತು ಹಾಕಿಕೊಂಡು ನಿಲ್ಲುವವರು ಬಹಳ. ಆಗ ಫ್ಲೈವೀಲ್ ತಿರುಗುತ್ತಿರುತ್ತದೆ, ಪ್ಲೇಟ್ ನಿಂತಿರುತ್ತದೆ, ಎರಡೂ ಒಂದಕ್ಕೊಂದು ಉಜ್ಜಿ ಕಾಯುತ್ತವೆ. ಸುಟ್ಟ ವಾಸನೆ ಬಂತೆಂದರೆ ಪ್ಲೇಟಿನ ಆಯುಷ್ಯ ಕರಗುತ್ತಿದೆ ಎಂದೇ ಅರ್ಥ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಓಡಿಸುವಾಗ ಪಾದವನ್ನು ಪೆಡಲಿನ ಮೇಲೆ ಒರಗಿಸಿಟ್ಟುಕೊಳ್ಳುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಪ್ಲೇಟ್ ಬದಲಾಯಿಸಲೇಬೇಕಾಗಿ ಬಂದರೆ ಪ್ರೆಶರ್ ಪ್ಲೇಟ್, ಬೇರಿಂಗ್ ಸೇರಿಸಿ ಪೂರ್ತಿ ಸೆಟ್ ಹಾಕಿಸಿ. ಜೆ.ಸಿ. ರಸ್ತೆಯಲ್ಲಿ ಸೆಟ್ಟಿನ ಬೆಲೆ ಕೇಳಿ ಹಿಂಜರಿದು ಬರೀ ಪ್ಲೇಟ್ ತಂದರೆ, ನಾಳೆ ಬೇರಿಂಗ್ ಕೂಗಿದಾಗ ಗೇರ್ ಬಾಕ್ಸ್ ಇಳಿಸುವ ಕೂಲಿ ಮತ್ತೊಮ್ಮೆ ಕೊಡಬೇಕು. ಬಿಚ್ಚಿದ ಹಳೆಯ ಪ್ಲೇಟ್ ತೋರಿಸಲು ಹೇಳಿ. ರಿವೆಟ್ಟುಗಳ ತಲೆ ಲೈನಿಂಗಿನ, ಅಂದರೆ ಉಜ್ಜಿ ಸವೆಯುವ ಮೇಲ್ಪದರದ, ಮಟ್ಟಕ್ಕೆ ಬಂದಿದ್ದರೆ ಅದು ಮುಗಿದದ್ದೇ. ಹೊಸ ಕ್ಲಚ್ ಹಿಡಿಯುವ ಜಾಗ ಬೇರೆಯೇ ಇರುತ್ತದೆ. ಗ್ಯಾರೇಜಿನ ಬೀದಿಯಲ್ಲೇ ಒಂದೆರಡು ಸುತ್ತು ಹಾಕಿ ಕಾಲಿಗೆ ರೂಢಿ ಮಾಡಿಕೊಂಡು, ಆಮೇಲೆ ಮೇನ್ ರೋಡಿಗೆ ಇಳಿಯಿರಿ. ನಮಸ್ಕಾರ.